ಹೂಬುಟ್ಟಿಯ ಮುಂದೆ ‘ಇಲ್ಲ’ ಅನ್ನದವಳು

ಮದುರೆಯ ತೆಂಕಣ ಗೋಪುರದ ಬೀದಿಯಲ್ಲಿ ಸೊರ್ಣತ್ತಾಯಿ ಮಲ್ಲಿಗೆ ಕಟ್ಟಲು ಕೂತಳೆಂದರೆ ಬೆರಳು ಬುಟ್ಟಿಯಲ್ಲಿ, ಕಣ್ಣು ಬೀದಿಯಲ್ಲಿ, ಬಾಯಂತೂ ಊರೆಲ್ಲ. ಹೂ ನೋಡಿಕೊಂಡು ಕಟ್ಟುವವಳು ಹೂವಾಡಗಿತ್ತಿಯೇ ಅಲ್ಲವೆಂದು ಎಷ್ಟು ಜನರನ್ನು ಹಂಗಿಸಿದ್ದಳೋ! ಅಂಥವಳು ಆ ವರ್ಷ ಆಡಿ ಎಂಬ ಆಷಾಢದ ತಿಂಗಳಲ್ಲಿ ತಲೆ ಬಗ್ಗಿಸಿ, ಒಂದೊಂದೇ ಮೊಗ್ಗನ್ನು ದಿಟ್ಟಿಸಿ ಕಟ್ಟತೊಡಗಿದಳು. ಪಕ್ಕದಲ್ಲೇ ಹೂ ಮಾರುವ ಪಾಂಡಿಯಮ್ಮ ಸುಮ್ಮನೆ ಬಿಡುತ್ತಾಳೆಯೇ?

“ಏನಕ್ಕಾ, ಮೊಗ್ಗುಗಳಿಗೆ ಹೆಸರಿಡ್ತಾ ಇದೀಯಾ?”

“ನಿನ್ನ ಮೂತಿ ನೋಡೋದಕ್ಕಿಂತ ಮೊಗ್ಗು ನೋಡೋದು ವಾಸಿ ಕಣೇ.”

ಉತ್ತರವೇನೋ ಜೋರಾಗಿಯೇ ಬಂತು. ಆದರೆ ಬಾಳೆನಾರು ಬೆರಳಿಗೆ ಸಿಕ್ಕಿತೋ ಜಾರಿತೋ ಅವಳಿಗೇ ತಿಳಿಯುತ್ತಿರಲಿಲ್ಲ. ಗಂಡ ಹೋದಮೇಲೆ ಅವಳನ್ನು ಸಾಕಿದ್ದು ಆ ಬೆರಳುಗಳೇ. ಅವೂ ಕೈಕೊಟ್ಟರೆ ಬದುಕುವುದು ಹೇಗೆ?

ಗುಟ್ಟು ರಟ್ಟು ಮಾಡಿದ್ದು ಚಪ್ಪಲಿ. ಒಂದು ಬೆಳಿಗ್ಗೆ ಹೂವಿನ ಮಂಡಿಯಿಂದ ಬುಟ್ಟಿ ಹೊತ್ತು ಬಂದವಳು, ತನ್ನ ಎಡಗಾಲಿನ ಚಪ್ಪಲಿಯನ್ನು ಯಾರೋ ಕದ್ದರೆಂದು ಬೀದಿಗೆಲ್ಲ ಶಾಪ ಹಾಕಿದಳು.

“ನಡೀತಿರೋರ ಕಾಲಿಂದ ಚಪ್ಪಲಿ ಬಿಚ್ಕೊಂಡು ಹೋಗೋ ಕಳ್ಳ ಯಾರಕ್ಕಾ? ತೋರಿಸು, ಕೈ ಮುಗೀತೀನಿ,” ಎಂದಳು ಪಾಂಡಿಯಮ್ಮ.

ಬೀದಿಯೇ ನಕ್ಕಿತು, ಸೊರ್ಣತ್ತಾಯಿಯೂ ನಕ್ಕಳು. ನಗುತ್ತಲೇ ಕಾಲೆತ್ತಿ ನೋಡಿದರೆ ಅಂಗಾಲಿನಲ್ಲಿ ಗಾಜಿನ ಚೂರು ನೆಟ್ಟಿತ್ತು. ನೋವೇ ಇರಲಿಲ್ಲ. ಪಾಂಡಿಯಮ್ಮ ನಗು ನಿಲ್ಲಿಸಿ ಅವಳನ್ನು ಆಟೋಗೆ ತಳ್ಳಿದಳು.

ಆಸ್ಪತ್ರೆಯಲ್ಲಿ ನರಗಳ ಡಾಕ್ಟರ್ ಇಳವರಸಿ, ಚಿಕ್ಕ ವಯಸ್ಸಿನವಳು, ಕಣ್ಣು ಮುಚ್ಚಿಸಿ ನೈಲಾನ್ ಎಳೆಯೊಂದರಿಂದ ಪಾದ ಮುಟ್ಟಿದಳು.

“ಹೆಬ್ಬೆರಳಲ್ಲಿ ಸ್ಪರ್ಶ ಇದೆಯಾಮ್ಮಾ?”

“ಇದೆ.”

“ಹಿಮ್ಮಡಿಯಲ್ಲಿ?”

“ಬೇಕಾದಷ್ಟಿದೆ.”

ಎಲ್ಲ ಸರಿಯಿದೆಯೆಂದು ಡಾಕ್ಟರ್ ಬರೆಯತೊಡಗಿದಳು. ಆದರೆ ಆ ಗಾಜಿನ ಚೂರು ಅವಳ ಮನಸ್ಸಿನಲ್ಲಿ ಚುಚ್ಚುತ್ತಿತ್ತು. ಎಳೆಯನ್ನು ಮೇಜಿನ ಮೇಲಿಟ್ಟು, “ಈಗ?” ಎಂದಳು.

“ಇದೆ, ತಾಯಿ.”

“ನಾನು ಮುಟ್ಟೇ ಇಲ್ವಲ್ಲಮ್ಮಾ!”

ಪಾಂಡಿಯಮ್ಮ ಹಣೆ ಚಚ್ಚಿಕೊಂಡಳು. “ಅವಳನ್ನ ಕೇಳಿದ್ರೆ ಅಷ್ಟೇ, ಡಾಕ್ಟರಮ್ಮಾ. ಹೂಬುಟ್ಟಿ ಮುಂದೆ ಕೂತೋರು ‘ಇಲ್ಲ’ ಅನ್ನಬಾರದು, ಕೆಟ್ಟದ್ದು. ಹೂ ಮುಗಿದ್ರೂ ‘ನಾಳೆ ಬರುತ್ತೆ’ ಅಂತೀವಿ. ಇವಳು ಹೂವಾಡಗಿತ್ತಿ ಮಗಳು ಬೇರೆ, ಎಲ್ಲೇ ಹೋದ್ರೂ ಹಾಗೇ. ಹೆಣ್ಣು ನೋಡೋಕೆ ಬಂದೋರು ಅಡುಗೆ ಬರುತ್ತಾ ಅಂದ್ರೆ, ‘ನಾಳೆ ಬರುತ್ತೆ’ ಅಂದಿದ್ಲಂತೆ!”

ಡಾಕ್ಟರ್ ನಕ್ಕು ನಕ್ಕು ಕನ್ನಡಕ ತೆಗೆದು ಕಣ್ಣೊರೆಸಿಕೊಂಡಳು. ಆಮೇಲೆ ಸೊರ್ಣತ್ತಾಯಿಯ ಕೈ ಹಿಡಿದಳು. “ನೀವು ಇದೆ ಅಂದ್ರೆ ನಾನು ಇದೆ ಅಂತಾನೇ ಬರೀತೀನಮ್ಮಾ. ಆಗ ಔಷಧಿ ಸಿಗಲ್ಲ. ಕಾಲಿನ ಹಾಗೇ ಕೈಬೆರಳೂ ಹೋಗುತ್ತೆ.”

ಬೆರಳು ಎಂದದ್ದೇ ತಡ, ಸೊರ್ಣತ್ತಾಯಿಯ ಮುಖ ಬಾಡಿತು. ಕೆನ್ನೆ ಬಡಿದುಕೊಂಡು, ಮೀನಾಕ್ಷಿಯ ಹೆಸರು ಹೇಳಿ, ಹುಟ್ಟಿದಂದಿನಿಂದ ಬಾಯಿಗೆ ಬಾರದ ಮಾತನ್ನು ಹೊರಗೆ ತಂದಳು.

“ಇಲ್ಲ.”

ಆಕಾಶವೇನೂ ಕಳಚಿ ಬೀಳಲಿಲ್ಲ. ಆಮೇಲೆ ಕಟ್ಟೆ ಒಡೆಯಿತು. ಹೆಬ್ಬೆರಳು? ಇಲ್ಲ. ಹಿಮ್ಮಡಿ? ಇಲ್ಲ. ಕಣಕಾಲು? ಅಯ್ಯೋ, ಇಲ್ಲವೇ ಇಲ್ಲ. ಕೈಬೆರಳ ತುದಿ? ಇಲ್ಲ ತಾಯಿ, ಇಲ್ಲ. ಹೇಳಹೇಳುತ್ತ ಅವಳಿಗೇ ಕಚಗುಳಿಯಿಟ್ಟಂತಾಗಿ ನಗತೊಡಗಿದಳು. ನರಗಳಿಗೆ ಸಣ್ಣಗೆ ಕರೆಂಟು ಕೊಟ್ಟು ನೋಡುವ ಪರೀಕ್ಷೆಯಲ್ಲೂ ಪ್ರತಿ ಹೊಡೆತಕ್ಕೂ ಕಿಸಕ್ಕೆಂದಳು. ಎರಡು ಕಾಲು, ಎರಡು ಕೈಗಳ ಹಲವು ನರಗಳು ಸೊರಗಿವೆ ಎಂದು ಡಾಕ್ಟರ್ ಬರೆದಳು. ರಕ್ತದಲ್ಲಿ ಬಿ-ಹನ್ನೆರಡು ಎಂಬ ವಿಟಮಿನ್ ತಳ ಕಂಡಿತ್ತು. ಅಂದಿನಿಂದಲೇ ಇಂಜೆಕ್ಷನ್ ಶುರುವಾಯಿತು.

ಪೊಂಗಲ್ ಕಳೆದ ಮೇಲೆ ಮತ್ತೆ ಅದೇ ಕುರ್ಚಿ, ಅದೇ ಎಳೆ.

“ಕೈಬೆರಳು?”

“ಇದೆ.”

ಡಾಕ್ಟರ್ ಪೆನ್ನು ಎತ್ತಲಿಲ್ಲ. ಅನುಮಾನದಿಂದ ಪಾಂಡಿಯಮ್ಮನ ಮುಖ ನೋಡಿದಳು. ಪಾಂಡಿಯಮ್ಮ, ನನಗೇನು ಗೊತ್ತು ಎಂಬಂತೆ ಕೈ ತಿರುಗಿಸಿದಳು. ಡಾಕ್ಟರ್ ಎಳೆಯಿಂದ ಎಡಗಾಲಿನ ಕಿರುಬೆರಳನ್ನು ಒತ್ತಿದಳು.

“ಇಲ್ಲಿ?”

ಸೊರ್ಣತ್ತಾಯಿ ಕಣ್ಣು ಮುಚ್ಚಿಕೊಂಡೇ ಕಾದಳು.

“ಇಲ್ಲ, ತಾಯಿ. ಅಲ್ಲಿ ಇನ್ನೂ ಇಲ್ಲ.”

ಡಾಕ್ಟರ್ ಪೆನ್ನು ತೆಗೆದುಕೊಂಡು, ಕೈಬೆರಳುಗಳಲ್ಲಿ ಸ್ಪರ್ಶ ಮರಳಿದೆ ಎಂದು ಬರೆದಳು. ಅದನ್ನು ಓದಿ ಹೇಳಿದಾಗ ಸೊರ್ಣತ್ತಾಯಿ ನಗುತ್ತಲೇ ಅತ್ತಳು. ಕಣ್ಣು ತೆರೆಯದೆ ಮಡಿಲಿನ ಮೊಗ್ಗು-ನಾರಿನ ಪೊಟ್ಟಣ ಬಿಚ್ಚಿ, ಬಾಯಿ ತುಂಬ ಮಾತಾಡುತ್ತ, ಡಾಕ್ಟರ ಜಡೆಗೆಂದು ಒಂದು ಮೊಳ ಮಲ್ಲಿಗೆ ಕಟ್ಟತೊಡಗಿದಳು.