ಭಾನುವಾರದ ಆರು ಗಂಟೆ

ಫಕೀರೇಶನ ಜೊತೆ ಕೆಲಸ ಮಾಡೋದಂದ್ರೆ ದಿನಾ ನನ್ನ ತಾಳ್ಮೆಗೇ ಪರೀಕ್ಷೆ. ರೋಣದ ಕಡೆಯವನು, ಮೂಡಲಪಾಳ್ಯದಲ್ಲಿ ರೂಮು. ಬಸ್ಸಿನ ಬೋರ್ಡು ಓದ್ತಾನೆ, ಕಂಡಕ್ಟರನ್ನ ಕೇಳ್ತಾನೆ, ಹತ್ತಿ ಕೂತ ಮೇಲೂ ಪಕ್ಕದವರನ್ನ ಕೇಳ್ತಾನೆ, "ವಿಜಯನಗರಕ್ಕ ಹೋಗ್ತೈತಲ್ರೀ?" 2008ರಲ್ಲಿ ವಿಜಯನಗರದ ಬೇಕರಿಯೊಂದರ ಮಹಡಿ ಮೇಲಿದ್ದ ನಮ್ಮ ಪುಟ್ಟ ಸಾಫ್ಟ್‌ವೇರ್ ಕಂಪನಿಗೆ ಇಂಥವನು ಟೆಸ್ಟರ್. ಪ್ರೋಗ್ರಾಂ ಬರೆಯೋಳು ನಾನು, ಸಂಘಮಿತ್ರಾ. ನಾನು ಬರೆದಿದ್ದರಲ್ಲಿ ಹುಳುಕು ಹುಡುಕೋನು ಅವನು. ಇಬ್ಬರದೂ ಎಣ್ಣೆ ಸೀಗೇಕಾಯಿ ಸಂಬಂಧ.

ಆ ವರ್ಷ ರಾಜಾಜಿನಗರದ ಒಂದು ಡಯಾಲಿಸಿಸ್ ಕೇಂದ್ರಕ್ಕೆ ವೆಬ್‌ಸೈಟ್ ಮಾಡಿಕೊಡ್ತಿದ್ವಿ. ಅಲ್ಲಿ ಮೆಷಿನ್ನು ಕಮ್ಮಿ, ರೋಗಿಗಳು ಜಾಸ್ತಿ, ಸರದಿಯ ಟೈಮು ಆಗಾಗ ಬದಲಾಗ್ತಿತ್ತು. ದಿನಾ ಸಂಜೆ ಆರಕ್ಕೆ ನನ್ನ ಪ್ರೋಗ್ರಾಂ ತಾನಾಗೇ ಓಡಿ, ಮಾರನೇ ದಿನ ಬರಬೇಕಾದವರಿಗೆಲ್ಲ ಎಸ್ಸೆಮ್ಮೆಸ್ ಕಳಿಸಬೇಕು. ಮೆಸೇಜು ಹೋಗಲಿಲ್ಲ ಅಂದ್ರೆ ಸರದಿ ತಪ್ಪಿತು. ರಕ್ತ ಶುದ್ಧಿಯಾಗದೆ ಕಾಲು ಊದಿ, ಉಸಿರು ಕಟ್ಟುತ್ತೆ. ಎಲ್ಲ ಸರಿಯಿದೆ ಅಂತ ಫಕೀರೇಶ ಸಹಿ ಹಾಕಬೇಕು. ಆಮೇಲೆ ತಪ್ಪಾದ್ರೆ ತಲೆ ಅವನದ್ದು.

ಅವನು ತನ್ನ ಹೆಸರನ್ನೇ ರೋಗಿ ಅಂತ ಸೇರಿಸಿ ಎರಡು ವಾರ ಪರೀಕ್ಷೆ ಮಾಡಿದ. ಕಂಪ್ಯೂಟರಿನ ಗಡಿಯಾರ ಮುಂದಕ್ಕೆ ತಿರುಗಿಸಿ ನೋಡಿದ, ಹಿಂದಕ್ಕೆ ತಿರುಗಿಸಿ ನೋಡಿದ, ಫೆಬ್ರವರಿ ಇಪ್ಪತ್ತೊಂಬತ್ತು ಹಾಕಿ ನೋಡಿದ. ಪ್ರತಿ ಸಲವೂ ಸರಿಯಾಗಿ ಆರಕ್ಕೆ ಅವನ ಮೊಬೈಲಿಗೆ ಮೆಸೇಜು ಬಂತು. ಸಾಕಲ್ವಾ? ಊಹೂಂ!

"ಮೇಡಂ, ಎಲ್ಲಾ ಸಲಾನೂ ನಾವು ಸೈಟ್ ತಗದು ಮುಂದ ಕುಂತೇವಿ. ರವಿವಾರ ಕೇಂದ್ರ ಬಂದ್ ಇರ್ತೈತಿ. ಯಾರೂ ಸೈಟ್ ತಗೀಲಿಲ್ಲಂದ್ರ ಸೋಮವಾರದ ಮೆಸೇಜ್ ಹೋಗ್ತಾವೇನ್ರೀ?"

"ತಾನಾಗೇ ಅಂದ್ರೆ ಏನೋ ಅರ್ಥ? ಯಾರೂ ನೋಡದಿದ್ರೂ ಓಡುತ್ತೆ ಅಂತ ತಾನೇ?"

"ಹೌದ್ರೀ. ಆದ್ರ ನಾವು ಅದನ್ನ ನೋಡಿಲ್ಲಲ್ರೀ."

ಅಯ್ಯೋ ದೇವರೇ! ಶನಿವಾರ ಒಪ್ಪಿಸಬೇಕಾದ ಕೆಲಸ ಇವನ ಒಂದು ಭಾನುವಾರಕ್ಕೋಸ್ಕರ ಮುಂದಕ್ಕೆ ಹೋಯ್ತು. ನಮ್ಮ ಬಾಸ್ ದೇವೇಂದ್ರಪ್ಪ ನನ್ನ ಮೇಲೆ ರೇಗಿದರು, ನಾನು ಇವನ ಮೇಲೆ ರೇಗಿದೆ. ಇವನು ಯಾರ ಮೇಲೂ ರೇಗದೆ ಚೀಟಿ ಬರೆದು ಎಲ್ಲರ ಕಂಪ್ಯೂಟರಿಗೂ ಅಂಟಿಸಿದ. ಭಾನುವಾರ ಯಾರೂ ಸೈಟ್ ತೆಗೆಯಬಾರದು ಅಂತ.

ಭಾನುವಾರ ಬಸವೇಶ್ವರನಗರದ ಮನೆಯಲ್ಲಿ ನನಗೆ ಕೂತಲ್ಲಿ ಕೂರೋಕಾಗಲಿಲ್ಲ. ಅಮ್ಮ ಅವರೆಕಾಯಿ ಸುಲಿಯೋಕೆ ಕೊಟ್ಟರೆ ಕಾಳನ್ನ ಕಸಕ್ಕೆ, ಸಿಪ್ಪೆಯನ್ನ ಪಾತ್ರೆಗೆ ಹಾಕ್ತಿದ್ದೆ. ಅವನ ಮಾತೇ ಗೆದ್ದುಬಿಟ್ರೆ? ಐದೂ ಮುಕ್ಕಾಲಿಗೆ ತಡೆಯೋಕಾಗದೆ ಸೈಟ್ ತೆಗೆದೆ. ಪಟ್ಟಿ ಸರಿಯಿದೆಯಾ ನೋಡಿದೆ, ಮುಚ್ಚಿದೆ. ಏನನ್ನೂ ಬದಲಾಯಿಸಲಿಲ್ಲ. ಆರು ಹೊಡೀತಿದ್ದ ಹಾಗೆ ಅವನ ಫೋನು.

"ಬಂತ್ರೀ ಮೇಡಂ, ಬಂತು!"

"ನೋಡಿದ್ಯಾ? ಸುಮ್ಸುಮ್ನೆ ಜೀವ ತಿಂದೆ," ಅಂದೆ. ಸೈಟ್ ತೆಗೆದಿದ್ದನ್ನ ಹೇಳಲಿಲ್ಲ. ಅದೇನು ದೊಡ್ಡ ವಿಷಯ ಅನ್ನಿಸಿತ್ತು.

ಸೋಮವಾರ ಅವನು ಸಹಿ ಹಾಕಿದ. ಕೇಂದ್ರದವರು ಅವತ್ತೇ ಶುರು ಮಾಡಿದರು. ಶನಿವಾರದವರೆಗೂ ಒಂದು ಮೆಸೇಜೂ ತಪ್ಪಲಿಲ್ಲ.

ಭಾನುವಾರ ಒಂದೂ ಹೋಗಲಿಲ್ಲ.

ಮಾರೇನಹಳ್ಳಿಯ ಮುನಿತಾಯಮ್ಮ ಅನ್ನೋರ ಸೋಮವಾರದ ಟೈಮು ಹನ್ನೊಂದರಿಂದ ಬೆಳಿಗ್ಗೆ ಏಳಕ್ಕೆ ಬದಲಾಗಿತ್ತು. ಪಾಪ, ಅವರು ಹನ್ನೊಂದಕ್ಕೇ ಬಂದರು. ಸರದಿ ಹೋಗಿತ್ತು. ವಿಷಯ ಕೇಳಿ ನಾನು ಓಡಿ ಹೋದಾಗ ಬೆಂಚಿನ ಮೇಲೆ ಏದುಸಿರು ಬಿಡ್ತಾ ಕೂತಿದ್ದರು.

"ಮೆಸೇಜು ಬರ್ಲಿಲ್ಲವಲ್ಲ, ಹಳೇ ಟೈಮೇ ಇರ್ಬೇಕು ಅಂದ್ಕೊಂಡೆ ಕಣಮ್ಮ," ಅಂದರು. ಸಂಜೆ ಐದಕ್ಕೆ ಅವರಿಗೆ ಮೆಷಿನ್ನು ಸಿಕ್ಕಿತು. ಅಲ್ಲೀವರೆಗೂ ಆ ಉಸಿರಿನ ಸದ್ದು ಕೇಳ್ತಾ ನಾನು ಪಕ್ಕದಲ್ಲೇ ಕೂತಿದ್ದೆ.

ಮಂಗಳವಾರ ಕಾರಣ ಸಿಕ್ಕಿತು. ಸೈಟ್ ಓಡಿಸೋಕೆ ನಾವು ಬಾಡಿಗೆಗೆ ತಗೊಂಡಿದ್ದ ಸರ್ವರ್, ಇಪ್ಪತ್ತು ನಿಮಿಷ ಯಾರೂ ಸೈಟ್ ತೆಗೆಯದಿದ್ರೆ ಅದನ್ನ ಮಲಗಿಸಿಬಿಡುತ್ತೆ. ಜೊತೆಗೆ ನನ್ನ ಆರು ಗಂಟೆಯ ಕೆಲಸವೂ ಮಲಗುತ್ತೆ. ವಾರದ ದಿನಗಳಲ್ಲಿ ಕೇಂದ್ರದವರು ಸಂಜೆ ತನಕ ಸೈಟ್ ತೆಗೀತಾ ಇರ್ತಾರೆ, ಸರಿ. ಪರೀಕ್ಷೆಯ ಭಾನುವಾರ ಐದೂ ಮುಕ್ಕಾಲಿಗೆ ಸೈಟ್ ತೆಗೆದು ಅದನ್ನ ಎಬ್ಬಿಸಿದ್ದು ನಾನು.

ದೇವೇಂದ್ರಪ್ಪ ಇಬ್ಬರನ್ನೂ ಒಳಗೆ ಕರೆದರು. ಬೈದಿದ್ದು ಫಕೀರೇಶನನ್ನ. "ನೋಡದೇ ಸಹಿ ಹಾಕಿದ್ರೇನ್ರೀ? ಮನುಷ್ಯರ ಪ್ರಾಣ ಅದು! ನಾಳೆಯಿಂದ ಬರಬೇಡಿ!" ಅವನು ತಲೆ ತಗ್ಗಿಸಿ ನಿಂತಿದ್ದ. ನಾನು ಉಸಿರೆತ್ತಲಿಲ್ಲ. ಹೊರಗೆ ಬಂದ ಮೇಲೆ ಅವನ ಕೈಯಲ್ಲಿದ್ದ ಹಾಳೆ ಕಂಡಿತು. ಸರ್ವರಿನ ದಾಖಲೆ. ಆ ಭಾನುವಾರ ಐದು ಗಂಟೆ ನಲವತ್ತಾರು ನಿಮಿಷಕ್ಕೆ ನನ್ನ ಲಾಗಿನ್.

"ಇದನ್ನ ತೋರಿಸೋಕೇನಾಗಿತ್ತೋ? ಬಾಯಲ್ಲಿ ಕಡುಬು ಇಟ್ಕೊಂಡಿದ್ಯಾ?" ಅಂತ ಕಿರುಚಿದೆ.

"ನೀವ ಹೇಳ್ತೀರಿ ಅಂತ ನಿಂತಿದ್ದೆ ರೀ," ಅಂದ. ಬ್ಯಾಗು ಹೆಗಲಿಗೇರಿಸಿ ಮೆಟ್ಟಿಲಿಳಿದು ಹೋದ.

ಅರ್ಧ ಗಂಟೆ ಒದ್ದಾಡಿ, ಒಳಗೆ ಹೋಗಿ ಎಲ್ಲ ಹೇಳಿದೆ. ದೇವೇಂದ್ರಪ್ಪ ಕನ್ನಡಕ ತೆಗೆದು ಮುಖ ಒರೆಸಿಕೊಂಡರು. "ಮೊದಲು ಆ ಹುಡುಗನ್ನ ವಾಪಸ್ ಕರೀರಿ, ನಿಮ್ಮ ವಿಷಯ ಆಮೇಲೆ," ಅಂದರು. ಅಲ್ಲೇ ನಿಂತು ಫೋನ್ ಮಾಡಿದೆ.

"ಎಲ್ಲಾ ಹೇಳಿದೀನಿ ಕಣೋ, ತಪ್ಪು ನಂದೇ ಅಂತ. ಸಾರ್ ಕರೀತಿದಾರೆ, ಬಾ."

"ಬರ್ತೇನ್ರೀ. ಆದ್ರ ಒಂದ್ಸಲ ಸರ್ ಕೈಗೆ ಫೋನ್ ಕೊಡ್ರಿ, ಅವರನ್ನ ಕೇಳ್ತೇನಿ."

ಈ ಸಲ ನಾನು ರೇಗಲಿಲ್ಲ. ಫೋನನ್ನ ದೇವೇಂದ್ರಪ್ಪನವರ ಕೈಗೆ ಕೊಟ್ಟೆ.