ಬೂದಿ ಬಣ್ಣದ ಪಟ್ಟಿ

ನನ್ನ ನೆನಪಿನಲ್ಲಿ ಆ ರೆಕಾರ್ಡು ಶುರುವಾಗುವುದೇ ಒಂದು ಕೂಗಿನಿಂದ. ಸ್ಯಾಕ್ಸೊಫೋನಿನ ಕೂಗು. ಪೀಠಿಕೆ ಇಲ್ಲ, ತಾಳ ಇಲ್ಲ, ಕದ ತೆರೆದ ಕೂಡಲೇ ಮುಖಕ್ಕೆ ರಾಚುವ ಬಿಸಿಲಿನ ಹಾಗೆ. ತಿಕೋಟಾದ ನಮ್ಮ ಓಣಿಯಲ್ಲಿ ಒಂದು ಮದುವೆಯ ಹಂದರ ಹಾಕುತ್ತಿದ್ದಾಗ ಅದನ್ನು ಕೇಳಿದ್ದೆ. ನಾನಾಗ ಸಾಲೆಗೆ ಹೋಗಲು ಶುರು ಮಾಡಿದ್ದೆನಷ್ಟೆ. ಬಿದಿರಿನ ಗಳಕ್ಕೆ ಕಟ್ಟಿದ ಮೈಕಿನ ಹಾರ್ನಿನಿಂದ ಕೂಗು ಬಂತು, ತಟ್ಟನೆ ನಿಂತಿತು, ಆಮೇಲೆ ಸಿನಿಮಾ ಹಾಡು. ಇಷ್ಟು ನೆನಪಿದೆ. ಹಾಗೆಂದು ಬರೆಯುವಾಗಲೇ ಅನುಮಾನವೂ ಬರುತ್ತದೆ: ಆ ಗಳ ನಿಜಕ್ಕೂ ನೆನಪಿದೆಯೋ, ಹಂದರ ಎಂದಮೇಲೆ ಗಳ ಇರಬೇಕಲ್ಲ ಎಂದು ಈಗ ನಾನೇ ನೆಟ್ಟುಕೊಂಡೆನೋ?

ಧಾರವಾಡದಲ್ಲಿ ಎಂ.ಎ. ಓದುವಾಗ ಗೆಳೆಯನೊಬ್ಬನ ಕೋಣೆಯಲ್ಲಿ ಅದೇ ಕೂಗು ಮತ್ತೆ ಕೇಳಿಸಿತು. ಅಮೆರಿಕದ ಜಾಝ್, ಅದರಲ್ಲೂ ರಾಗ ತಾಳಗಳ ಹಂಗು ಹರಿದುಕೊಂಡು ಹೊರಟವರ ಜಾಝ್ ಎಂದು ಗೆಳೆಯ ವಿವರಿಸಿದ. ಆದರೆ ಕೂಗು ಮೊದಲಿಗೆ ಬರಲಿಲ್ಲ. ಬಹಳ ಹೊತ್ತು ಬಾಸ್ ವಾದ್ಯವೊಂದೇ ಗೊಣಗಿತು. ನಾನು ಇನ್ನೇನು ಏಳಬೇಕು ಅನ್ನುವಾಗ ಕೂಗು ಬಂತು, ಅದೂ ಮೊಂಡಾಗಿ. ಅವನ ಹತ್ತಿರ ಇದ್ದದ್ದು ಮರುಮುದ್ರಣ. ಹಾಗಾದರೆ ಮೊದಲ ಮುದ್ರಣದಲ್ಲಿ ಬೇರೊಂದು ಸಲ ನುಡಿಸಿದ ಧ್ವನಿಮುದ್ರಣ ಇರಬೇಕು, ಅದು ಕೂಗಿನಿಂದಲೇ ಶುರುವಾಗುತ್ತಿರಬೇಕು ಎಂದು ಅಂದೇ ತೀರ್ಮಾನಿಸಿಬಿಟ್ಟೆ. ಇಂಥ ವ್ಯತ್ಯಾಸಗಳು ಇರುವುದೂ ಉಂಟು. ನಾನು ಸಂಗ್ರಾಹಕನಾದದ್ದು ಈ ಒಂದು ಹಟದಿಂದ.

ಈಗ ವಿಜಯಪುರದ ನಮ್ಮ ಮನೆಯ ಒಂದು ಗೋಡೆ ತುಂಬ ಇಂಥ ಜಾಝ್ ರೆಕಾರ್ಡುಗಳಿವೆ, ಹೆಚ್ಚಿನವು ಮೊದಲ ಮುದ್ರಣಗಳೇ. ಬೇಕಾದ ಅದೊಂದು ಮಾತ್ರ ಇರಲಿಲ್ಲ. ಒಮ್ಮೆ ಹೊರದೇಶದಿಂದ ತರಿಸಿದ್ದು ಕೊರಿಯರ್‌ನವರ ತಗಡಿನ ಶೆಡ್ಡಿನಲ್ಲಿ ಚೈತ್ರದ ಬಿಸಿಲಿಗೆ ಬೆಂದು ಹಪ್ಪಳದಂತೆ ಡೊಂಕಾಗಿ ಬಂತು. ಇನ್ನೊಮ್ಮೆ ಹೊದಿಕೆ ಅಸಲಿ, ಒಳಗಿನ ತಟ್ಟೆ ಮರುಮುದ್ರಣ. ಅದು ಹೇಗೆ ಗೊತ್ತಾಗುತ್ತದೆಂದರೆ, ಹಾಡು ಮುಗಿದ ಮೇಲೆ ಲೇಬಲ್ಲಿನ ಸುತ್ತ ಉಳಿಯುವ ಖಾಲಿ ಜಾಗದಲ್ಲಿ ಕೈಯಲ್ಲಿ ಗೀಚಿದ ಸಣ್ಣ ಅಕ್ಷರಗಳಿರುತ್ತವೆ. ಅಸಲಿಯ ಅಕ್ಷರಗಳು ನನಗೆ ಬಾಯಿಪಾಠ. ಅಂತರ್ಜಾಲದಲ್ಲಿ ಬೇರೆ ಸಂಗ್ರಾಹಕರನ್ನು ಕೇಳಿದೆ. ಎಲ್ಲ ಮುದ್ರಣಗಳೂ ಬಾಸ್‌ನಿಂದಲೇ ಶುರುವಾಗುತ್ತವೆ, ನಿಮ್ಮ ನೆನಪೇ ತಪ್ಪು ಎಂದು ಒಬ್ಬರು ಸೌಜನ್ಯದಿಂದಲೇ ಬರೆದರು. ಆ ಸೌಜನ್ಯ ನನ್ನನ್ನು ವಾರಗಟ್ಟಲೆ ಉರಿಸಿತು. ಹೆಂಡತಿ ಸೌಜನ್ಯದ ಗೊಡವೆಗೆ ಹೋಗಲಿಲ್ಲ. "ಆ ಒದರಾಟಕ್ಕಿಂತ ನಮ್ಮ ಮಿಕ್ಸರ್ ಚಲೋ ಹಾಡತೈತಿ ಬಿಡ್ರಿ" ಅಂದಳು.

ಹೋದ ಚಳಿಗಾಲದಲ್ಲಿ ಅವಳ ತವರಿನ ಕಡೆಯವರ ಮದುವೆಗೆ ಬಬಲೇಶ್ವರಕ್ಕೆ ಹೋಗಿದ್ದೆವು. ಊಟದ ಹೊತ್ತಿಗೆ ಕರೆಂಟು ಹೋಗಿ ಡಿಜೆ ಬಾಯಿ ಮುಚ್ಚಿತು. ಡಿಜೆಯ ಮಾಲೀಕ ನನ್ನ ಪಕ್ಕದಲ್ಲೇ ಉಣ್ಣಲು ಕೂತ, ಹೆಚ್ಚುಕಡಿಮೆ ನನ್ನದೇ ವಯಸ್ಸಿನವನು. ಅವನ ತಂದೆಯ, ಅವನ ಮಾತಿನಲ್ಲಿ ಅಬ್ಬಾನ, ಕಾಲಕ್ಕೆ ಅದು ಮೈಕ್ ಸೆಟ್ ಅಂಗಡಿಯಾಗಿತ್ತಂತೆ. ತಿಕೋಟಾ, ಹೊನವಾಡ, ಕಳ್ಳಕವಟಗಿ, ಎಲ್ಲಿ ಮದುವೆಯಾದರೂ ಅವರದೇ ಹಾರ್ನು. ಮಾತಿಗೆ ಮಾತು ಬಂದು ನಾನು ಆ ಕೂಗಿನ ವಿಷಯ ಎತ್ತಿದೆ. ಅವನು ಹೋಳಿಗೆ ಮುರಿಯುವುದನ್ನು ನಿಲ್ಲಿಸಿ ನಕ್ಕ.

"ಅದು ಹಾಡಲ್ಲ ಸರ, ಅಬ್ಬಾನ ಟೆಸ್ಟಿಂಗ್ ಪ್ಲೇಟ. ಅದು ಒದರಿದಾಗ ಹಾರ್ನ್ ಗರ್ ಅನ್ನಲಿಲ್ಲಂದ್ರ ಮದಿವಿ ಮುಗಿಯೂತನಾ ಚಿಂತಿಲ್ಲ."

ತಂದೆ ಮುಂಬೈಯಲ್ಲಿ ಹಳೆ ರೆಕಾರ್ಡುಗಳ ಗಂಟು ಕೊಂಡಾಗ ಅದರೊಳಗೆ ಸೇರಿ ಬಂದದ್ದಂತೆ. ಇನ್ನೂ ಇದೆಯೇ ಎಂದು ಕೇಳಿದೆ. ಟ್ರಂಕಿನಲ್ಲಿದೆ, ನಾಳೆ ವೈರು ತರಲು ವಿಜಯಪುರದ ಗಾಂಧಿ ಚೌಕಕ್ಕೆ ಬರುವವನಿದ್ದೇನೆ, ಹಾಗೇ ನಿಮ್ಮ ಮನೆಗೆ ತರುತ್ತೇನೆ ಎಂದ. ಅಂದು ಉಂಡದ್ದೇನೆಂದು ಹೋಳಿಗೆಯೊಂದರ ಹೊರತು ನನಗೆ ನೆನಪಿಲ್ಲ. ಇದಂತೂ ನಿಜವಾದ ಮರೆವು.

ಮರುದಿನ ಮಧ್ಯಾಹ್ನ ಹೇಳಿದಂತೆ ಬಂದ. ಹೊದಿಕೆ ಇರಲಿಲ್ಲ; ತಟ್ಟೆಯನ್ನು ಹಳೆಯ ಲುಂಗಿಯಲ್ಲಿ ಸುತ್ತಿದ್ದ. ಲೇಬಲ್ಲಿನ ಮೇಲೆ ಬಿಳಿ ಎಣ್ಣೆಬಣ್ಣದಲ್ಲಿ 'ಟೆಸ್ಟ್' ಎಂದು ಕನ್ನಡದಲ್ಲಿ ಬರೆದಿತ್ತು. ಕಿಟಕಿಯ ಬೆಳಕಿಗೆ ಹಿಡಿದು ಗೀಚಿದ ಅಕ್ಷರ ಓದಿದೆ. ಅಸಲಿ. ಹೊರದೇಶಗಳಲ್ಲೆಲ್ಲ ಹುಡುಕಿದ್ದು ಮನೆಯಿಂದ ಒಂದು ಬಸ್ಸಿನ ಹಾದಿಯಷ್ಟೇ ದೂರದ ಊರಿನ ಟ್ರಂಕಿನಲ್ಲಿತ್ತು. ಸಂತೋಷಕ್ಕಿಂತ ಮೊದಲು ಸಿಟ್ಟು ಬಂತು, ಯಾರ ಮೇಲೆ ಎಂದು ಗೊತ್ತಾಗಲಿಲ್ಲ. ಆಗಲೇ ಕಂಡದ್ದು, ತಟ್ಟೆಯ ಅಂಚಿಗೂ ಲೇಬಲ್ಲಿಗೂ ನಡುವೆ, ಕಪ್ಪು ಹೋಗಿ ಬೂದಿ ಬಣ್ಣಕ್ಕೆ ತಿರುಗಿದ ಬೆರಳಗಲದ ಒಂದು ಪಟ್ಟಿ.

ಒರೆಸಿ, ಪ್ಲೇಯರಿಗೆ ಹಾಕಿ, ಅಂಚಿನಲ್ಲಿ ಮುಳ್ಳು ಇಳಿಸಿದೆ. ಬಾಸ್ ಕೇಳಿಸಿತು. ಗೆಳೆಯನ ಕೋಣೆಯಲ್ಲಿ ಕೇಳಿದ ಅದೇ ಬಾಸ್, ಒಂದು ಗೀರಿಲ್ಲ, ಯಾರೂ ಎಂದೂ ಮುಟ್ಟದ ಹಾಗೆ ನಿಚ್ಚಳವಾಗಿ. ಬೇರೆ ಧ್ವನಿಮುದ್ರಣ ಎಂಬುದು ಇರಲೇ ಇಲ್ಲ. ಸೌಜನ್ಯದವರು ಸರಿ ಹೇಳಿದ್ದರು.

ಡಿಜೆಯವನಿಗೆ ತಾಳ್ಮೆ ಇರಲಿಲ್ಲ. "ಅಲ್ಲಿ ಅಲ್ಲರಿ ಸರ, ಅದು ಬರೇ ಗೊಣಗೊಣ. ಅಬ್ಬಾ ಇಲ್ಲಿ ಇಡತಿದ್ದ" ಎಂದು, ನಾನು ಬೇಡ ಅನ್ನುವಷ್ಟರಲ್ಲಿ ಮುಳ್ಳಿನ ತೋಳನ್ನು ಬೆರಳಿಂದ ಎತ್ತಿ ನೇರ ಆ ಬೂದಿ ಪಟ್ಟಿಯ ಮೇಲೆ ಇಟ್ಟ.

ಹಾಗಾದರೆ ನನ್ನ ನೆನಪು ತಪ್ಪಾಗಿರಲಿಲ್ಲ. ತಿಕೋಟಾದ ಹಂದರದಲ್ಲಿ ರೆಕಾರ್ಡು ಕೂಗಿನಿಂದಲೇ ಶುರುವಾಗಿತ್ತು, ಯಾಕೆಂದರೆ ಅಲ್ಲಿ ಮುಳ್ಳು ಇಟ್ಟದ್ದೇ ಕೂಗಿನ ಮೇಲೆ. ನೆನಪು ಸರಿ, ಅದರಿಂದ ನಾನು ಕಟ್ಟಿದ್ದೆಲ್ಲ ತಪ್ಪು. ಆದರೆ ಈಗ ಕೂಗು ಬರಲಿಲ್ಲ. ಹಂದರದಿಂದ ಹಂದರಕ್ಕೆ ಅದೇ ಜಾಗವನ್ನು ಮೈಕ್ ಸೆಟ್ಟಿನ ಭಾರದ ಮುಳ್ಳು ಕೆರೆದು ಕೆರೆದು, ಕಾದ ಎಣ್ಣೆಯ ಚರ್ ಸದ್ದೊಂದೇ ಉಳಿದಿತ್ತು. ಅವನು ಮತ್ತೆ ಎತ್ತಿ ಇಟ್ಟ. ಅದೇ ಚರ್. ನಾನು ಸದ್ದಿನ ಗುಂಡಿ ತಿರುಗಿಸಿದೆ. ಸದ್ದು ಹೆಚ್ಚಿಸಿದರೆ ಚರ್ ಹೆಚ್ಚಾಯಿತು.

ನನ್ನ ಮುಖ ನೋಡಿ ಅವನಿಗೆ ಕನಿಕರ ಬಂದಿರಬೇಕು. "ಹಿಂಗ ಇತ್ತಲ್ಲರಿ" ಎಂದವನೇ, ಗಂಟಲು ಬಿಗಿದು, ಕೈಯನ್ನು ಬಾಯಿಗೆ ಹಾರ್ನಿನಂತೆ ಹಿಡಿದು ಕೂಗಿದ. ಒಳಗಿಂದ ಹೆಂಡತಿ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ವಿಷಯ ತಿಳಿದ ಮೇಲೆ ಅವಳಿಗೆ ನಗು ತಡೆಯಲಾಗಲಿಲ್ಲ. "ಇದಕ್ಕೇನ್ರಿ ಇಷ್ಟು ವರ್ಷ?" ಅಂದಳು. ಅವನೂ ನಕ್ಕ, ಚಹಾ ಕುಡಿದ, ನಿಮ್ಮಲ್ಲೇ ಇರಲಿ ಎಂದು ತಟ್ಟೆ ಬಿಟ್ಟು ವೈರಿನ ಸುರುಳಿ ಹೊತ್ತು ಹೋದ.

ಅದು ಈಗ ನನ್ನ ಗೋಡೆಯಲ್ಲಿದೆ. ಅಸಲಿ ಮೊದಲ ಮುದ್ರಣ, ನನಗೆ ಬೇಕಾದದ್ದೊಂದನ್ನು ಬಿಟ್ಟು ಎಲ್ಲ ಇರುವಂಥದ್ದು. ಇನ್ನೊಂದು ಅಸಲಿ ಪ್ರತಿ ತರಿಸಬಹುದು, ಅದರಲ್ಲಿ ಕೂಗು ಚೂಪಾಗಿಯೇ ಇರಬಹುದು. ತರಿಸಿ, ಅದನ್ನು ಯಾವುದಕ್ಕೆ ಹೋಲಿಸಲಿ? ಅಂದಿನಿಂದ ಕಣ್ಣು ಮುಚ್ಚಿ ಹಂದರ ನೆನೆಸಿಕೊಂಡರೆ ಗಳ ಬರುತ್ತದೆ, ಹಾರ್ನು ಬರುತ್ತದೆ. ಹಾರ್ನಿನಿಂದ ಬರುವುದು ಮಾತ್ರ ನಮ್ಮ ಪಡಸಾಲೆಯಲ್ಲಿ ಬಾಯಿಗೆ ಕೈ ಹಿಡಿದು ಕೂಗಿದ ಆ ಮನುಷ್ಯನ ಗಂಟಲು. ಅದರ ಹಿಂದೆಯೇ ಹೆಂಡತಿಯ ನಗುವೂ ಬರುತ್ತದೆ.