ಸೊಟ್ಟಿಯೂ ಅತ್ತೆಯ ಎಡಗೈಯೂ

ಹಳೆಯ ಕಾರು ನೋಡಲು ಹೋದಾಗ ನನ್ನ ಸೋದರತ್ತೆ ಬಾನೆಟ್ ಎತ್ತಿಸುತ್ತಲೇ ಇರಲಿಲ್ಲ. ಮಾರುವವರಿಗೇ ಓಡಿಸಲು ಹೇಳಿ, ತಾನು ಪಕ್ಕದ ಸೀಟಿನಲ್ಲಿ ಕೈಕಟ್ಟಿ ಕೂತು, ಅವರ ಕೈಕಾಲು ನೋಡುತ್ತಿದ್ದಳು. ಬಾಗಿಲು ಹಾಕುವಾಗ ಸೊಂಟದಿಂದ ಒಂದು ತಳ್ಳು ಕೊಟ್ಟರೆ ಕೊಂಡಿ ಸವೆದಿದೆ ಎಂದರ್ಥ. ಇಳಿಜಾರಿನಲ್ಲಿ ಗೇರಿನ ಮೇಲಿಂದ ಕೈ ತೆಗೆಯದಿದ್ದರೆ ಅದು ತಾನಾಗಿಯೇ ಜಾರುವ ಗೇರು. ಕೀಲಿ ತಿರುಗಿಸುವ ಮುನ್ನ ಉಸಿರು ಬಿಗಿಹಿಡಿದರೆ ಬ್ಯಾಟರಿಯ ಕತೆ ಮುಗಿದಿದೆ.

"ಬಾಯಿ ಏನು ಬೇಕಾದ್ರೂ ಹೇಳುತ್ತೆ. ಗಾಡಿ ತನ್ನ ಕಾಯಿಲೇನ ಕೈಗೆ ಕಲಿಸಿರುತ್ತೆ" ಎನ್ನುತ್ತಿದ್ದಳು.

ಇದು ಅವಳ ಕಸುಬಿನಿಂದ ಬಂದದ್ದು. ಆಸ್ಪತ್ರೆಯ ಹಿಂಭಾಗದ ಉದ್ದನೆಯ ಕೋಣೆಯಲ್ಲಿ, ಅಂಟು ಮತ್ತು ಚರ್ಮದ ವಾಸನೆಯ ನಡುವೆ, ಅವಳು ಕಾಲು ಹೆಚ್ಚುಕಮ್ಮಿ ಇರುವವರಿಗೆ ಬೂಟು ಮಾಡುತ್ತಿದ್ದಳು. ಯಾರೇ ಬರಲಿ, ಪಾದ ಅಳೆಯುವ ಮೊದಲು ಬಾಗಿಲಿನಿಂದ ಕಿಟಕಿಯವರೆಗೆ ಒಮ್ಮೆ ನಡೆಸುತ್ತಿದ್ದಳು. ಹಾಗೆ ನಡೆಸುವಾಗ ಅವಳು ನೋಡುತ್ತಿದ್ದದ್ದು ಕಾಲನ್ನಲ್ಲ, ಹೆಗಲನ್ನು. ಕಾಲಿನ ಕೊರತೆಯನ್ನು ಹೆಗಲು ಹೊರುತ್ತದಂತೆ.

ಕಾರುಗಳ ಬಗ್ಗೆ ಅವಳಿಗಿದ್ದ ಅಭಿಪ್ರಾಯಗಳಿಗೆ ಲೆಕ್ಕವಿಲ್ಲ. ತುಕ್ಕು ಕಂಡರೆ ಹೆದರಬಾರದು, ಹೊಸ ಬಣ್ಣ ಕಂಡರೆ ಹೆದರಬೇಕು. ನಾವು ಹೋಗುವ ಮೊದಲೇ ಎಂಜಿನ್ ಬಿಸಿ ಮಾಡಿಟ್ಟವರ ಹತ್ತಿರ ನೀರೂ ಕುಡಿಯದೆ ಎದ್ದು ಬರಬೇಕು. ಬಿಡಿಭಾಗ ಸಿಗದ ಕಾರು ಕೊಂಡರೆ ನಷ್ಟವೇನಿಲ್ಲ, ಅದನ್ನು ಹುಡುಕುತ್ತಾ ಹೋದ ಊರಲ್ಲೆಲ್ಲ ಪರಿಚಯದವರಾಗುತ್ತಾರೆ. ಎಲ್ಲರ ಮನೆಯಲ್ಲೂ ಇರುವಂಥ ಕಾರನ್ನು ಮಾತ್ರ ಅವಳು ತಿರುಗಿಯೂ ನೋಡುತ್ತಿರಲಿಲ್ಲ. ಅಪ್ಪ ತನ್ನ ಬೂದು ಬಣ್ಣದ ಕಾರನ್ನು ಹೊಗಳಿಕೊಂಡಾಗ ಒಮ್ಮೆ ಹೇಳಿದ್ದಳು: "ನಿನ್ನ ಕಾರಿನಲ್ಲಿ ಏನೂ ಕೆಟ್ಟದ್ದಿಲ್ಲ ಅಣ್ಣ. ನಾಲ್ಕು ಕಾರಿನ ಮಧ್ಯೆ ನಿಲ್ಲಿಸಿದ್ರೆ ನೀನೇ ಅದನ್ನ ಗುರುತು ಹಿಡಿಯಲ್ಲ, ಅಷ್ಟೇ."

ಅವಳ ಕಾರನ್ನು ಗುರುತು ಹಿಡಿಯದವರು ಇರಲಿಲ್ಲ. ಹಾಲು ಹೆಚ್ಚಾದ ಕಾಫಿಯ ಬಣ್ಣ, ಪಕ್ಕಕ್ಕೆ ಸರಿಯುವ ಕಿಟಕಿ, ಡ್ಯಾಶ್‌ಬೋರ್ಡಿನಿಂದ ಛತ್ರಿಯ ಹಿಡಿಯಂತೆ ಚಾಚಿಕೊಂಡ ಗೇರು. ಹೆಸರು ಸೊಟ್ಟಿ. ಹಾಗೆ ಹೆಸರು ಬರಲು ಕಾರಣವಿತ್ತು. ಅದರ ಎಡಗಡೆಯ ಎರಡು ಚಕ್ರಗಳ ನಡುವಿನ ಅಂತರಕ್ಕಿಂತ ಬಲಗಡೆಯದು ಮೂರು ಬೆರಳು ಹೆಚ್ಚು. ಮೊದಲಿನ ಮಾಲೀಕನ ಮೆಕ್ಯಾನಿಕ್ ಅದನ್ನು ಅಳೆದು, ಎಲ್ಲೋ ಗುದ್ದಿಸಿಕೊಂಡು ಚಾಸಿ ತಿರುಚಿದೆ ಎಂದು ಷರಾ ಬರೆದುಬಿಟ್ಟಿದ್ದ. ಅಲ್ಲಿಂದಾಚೆಗೆ ಅದನ್ನು ಯಾರೂ ಮೂಸಲಿಲ್ಲ. ಅತ್ತೆ ಪಕ್ಕದಲ್ಲಿ ಕೂತು ಒಂದು ಸುತ್ತು ಹೋಗಿಬಂದಳು. ಓಡಿಸುವವನು ಸ್ಟೀರಿಂಗ್ ಮೇಲೆ ಎರಡೇ ಬೆರಳು ಇಟ್ಟಿದ್ದ. ಪೆಟ್ಟು ಬಿದ್ದ ಕಾರು ಒಂದು ಕಡೆಗೆ ಎಳೆಯುತ್ತದೆ, ಓಡಿಸುವವನ ಹೆಗಲು ಅದಕ್ಕೆ ಎದುರಾಗಿ ಬಿಗಿಯುತ್ತದೆ. ಇವನ ಹೆಗಲು ಸಡಿಲವಾಗಿತ್ತು. ಆಮೇಲೆ ವಿಚಾರಿಸಿದಾಗ ತಿಳಿಯಿತು, ಆ ಜಾತಿಯ ಕಾರುಗಳೆಲ್ಲ ಕಾರ್ಖಾನೆಯಿಂದಲೇ ಹಾಗೆ ಬರುತ್ತವೆ. ಹಿಂದಿನ ಎರಡು ಚಕ್ರಗಳನ್ನು ಹೊರುವ ಉಕ್ಕಿನ ಸರಳುಗಳನ್ನು ಅಕ್ಕಪಕ್ಕ ಇಡಲು ಜಾಗ ಸಾಲದೆ, ಒಂದನ್ನು ಮುಂದೆ, ಇನ್ನೊಂದನ್ನು ಹಿಂದೆ ಇಟ್ಟಿದ್ದರು.

"ಇದು ಏಟಲ್ಲ, ಹುಟ್ಟು" ಎಂದು ಅತ್ತೆ ಮನೆಮಂದಿಗೆಲ್ಲ ಹೇಳಿಕೊಂಡು ತಿರುಗಿದ್ದಳು. ಆಗ ನಾನು ಚಿಕ್ಕವಳು. ಶಾಲೆಗೆ ನನ್ನನ್ನು ಬಿಡುತ್ತಿದ್ದದ್ದು ಅವಳೇ, ಆ ಕಾರಿನಲ್ಲೇ.

ಈ ವರ್ಷ ಅವಳ ಎಡ ಮಂಡಿ ಕೈಕೊಟ್ಟಿತು. ಸೊಟ್ಟಿಯ ಕ್ಲಚ್ಚೋ ಕಲ್ಲಿನಷ್ಟು ಗಟ್ಟಿ. ಡಾಕ್ಟರು ಕ್ಲಚ್ ಇಲ್ಲದ ಕಾರು ಓಡಿಸಿ, ಇಲ್ಲವೇ ಓಡಿಸುವುದನ್ನೇ ಬಿಡಿ ಎಂದರು. ಗುಜರಿಯವನು ಎರಡು ಸಲ ಬಂದು, ತೂಕದ ಕಣ್ಣಿನಿಂದ ಅದನ್ನು ನೋಡಿ ಹೋದ. ಕೇಳಿಕೊಂಡು ಬಂದ ಉಳಿದವರೆಲ್ಲ ಚಕ್ರದ ಅಂತರ ಕೇಳಿದ ಕೂಡಲೇ ಹಿಂದೆ ಸರಿದರು. ಮುಚ್ಚಿಡು ಎಂದು ಅಪ್ಪ ಹೇಳಿದರೆ ಅತ್ತೆ ಕೇಳಲಿಲ್ಲ. ತಿಂಗಳ ಕೊನೆಗೆ ಗುಜರಿಗೇ ಕೊಡುವುದೆಂದು ಮಾತಾಗಿತ್ತು. ಆ ಮಾತು ಬಂದಾಗಲೆಲ್ಲ ಅವಳು ಎದ್ದು ಹೋಗಿ ಕಾರಿನ ಗಾಜು ಒರೆಸುತ್ತಿದ್ದಳು.

ಅಷ್ಟರಲ್ಲಿ ಸಸಿ ಮಾರುವ ಹೆಂಗಸೊಬ್ಬಳು ಬಂದಳು. ಕುಂಡಗಳನ್ನು ಮನೆಮನೆಗೆ ತಲುಪಿಸಲು ಅವಳಿಗೆ ನೆಲ ತಗ್ಗಾಗಿರುವ, ಹಿಂದಿನ ಬಾಗಿಲು ಅಗಲವಾಗಿ ತೆರೆಯುವ ಗಾಡಿ ಬೇಕಿತ್ತು. ಅತ್ತೆ ಒಂದನ್ನೂ ಬಿಡದೆ ಎಲ್ಲ ದೋಷ ಒಪ್ಪಿಸಿದಳು. ಚಕ್ರದ ಮಾತಿಗೆ ಆ ಹೆಂಗಸು, ತನ್ನ ಗಿಡಗಳಲ್ಲೂ ಎರಡು ಪಕ್ಕ ಸಮ ಇರುವುದು ಒಂದೂ ಇಲ್ಲ ಎಂದಳು. ಅತ್ತೆಯ ಮುಖ ಅರಳಿತು.

ಮೂವರೂ ಒಂದು ಸುತ್ತು ಹೊರಟೆವು. ಮಂಡಿ ನೋಯುತ್ತಿದ್ದರೂ ಅತ್ತೆಯೇ ಓಡಿಸಿದಳು. ಆ ಹೆಂಗಸು ಪಕ್ಕದಲ್ಲಿ, ನಾನು ಹಿಂದೆ. ಮಾರುಕಟ್ಟೆಯ ತಿರುವಿನಲ್ಲಿ ನಾಯಿಯೊಂದು ಅಡ್ಡ ಬಂತು, ಅತ್ತೆ ಬ್ರೇಕ್ ಒತ್ತಿದಳು. ಸಿಗ್ನಲ್ಲಿನಲ್ಲಿ ಮತ್ತೊಮ್ಮೆ. ಆಸ್ಪತ್ರೆಯ ಗೇಟಿನ ಮುಂದೆ ಇನ್ನೊಮ್ಮೆ.

ಆ ಹೆಂಗಸು ಗಾಡಿ ನಿಲ್ಲಿಸಲು ಹೇಳಿದಳು. "ಎಲ್ಲಾ ಹೇಳಿದ್ರಿ, ಈ ಸೀಟಿನ ವಿಷಯ ಮಾತ್ರ ಹೇಳ್ಲಿಲ್ಲ."

"ಸೀಟಿಗೇನಾಗಿದೆ?"

"ಬ್ರೇಕ್ ಹಾಕಿದಾಗೆಲ್ಲ ನಿಮ್ಮ ಎಡಗೈ ನನ್ನ ಎದೆಗೆ ಅಡ್ಡ ಬರುತ್ತಲ್ಲ. ಸೀಟು ಮುಂದಕ್ಕೆ ಜಾರುತ್ತೆ ಅಲ್ವಾ?"

ಅತ್ತೆ ತನ್ನ ಎಡಗೈಯನ್ನು ಬೇರೆ ಯಾರದೋ ಕೈ ಎಂಬಂತೆ ನೋಡಿಕೊಂಡಳು. ಇಷ್ಟು ವರ್ಷ ಊರವರ ಕೈ ಓದಿದವಳಿಗೆ ತನ್ನದರಲ್ಲಿ ಏನು ಬರೆದಿದೆಯೆಂದು ಗೊತ್ತಿರಲಿಲ್ಲ. ಇಲ್ಲ ಎಂದು ಬರೀ ಬಾಯಲ್ಲಿ ಹೇಳುವುದನ್ನು ಅವಳೇ ನಂಬದವಳು. ಮಾರಾಟ ಅಲ್ಲಿಗೇ ನಿಂತಂತಿತ್ತು.

ನಾನು ಹಿಂದಿನಿಂದ ಹೇಳಿದೆ. "ಅದು ಸೀಟಿಗೆ ಅಲ್ಲ. ನಂಗೆ."

ಶಾಲೆಗೆ ಹೋಗುವ ಕಾಲದಲ್ಲಿ ಆ ಸೀಟಿಗೆ ಬೆಲ್ಟ್ ಇರಲಿಲ್ಲ, ಬ್ರೇಕ್ ಹಾಕಿದಾಗಲೆಲ್ಲ ಅತ್ತೆ ಆ ಕೈಯಲ್ಲೇ ನನ್ನನ್ನು ತಡೆಯುತ್ತಿದ್ದಳು ಎಂದು ವಿವರಿಸಿದೆ. ಬೆಲ್ಟ್ ಹಾಕಿಸಿ ಎಷ್ಟೋ ವರ್ಷವಾಗಿದೆ. ನಾನೀಗ ಕಾಲೇಜು ಮುಗಿಸುತ್ತಿದ್ದೇನೆ.

ಆ ಹೆಂಗಸು ಕೆಳಗಿಳಿದು, ಸೀಟನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗಿದಳು. ಅದು ಅಲುಗಲಿಲ್ಲ.

"ಹಾಗಾದ್ರೆ ಆ ಕೈ ಗಾಡಿ ಜೊತೆ ಬರಲ್ಲ" ಎಂದಳು.

"ಬರಲ್ಲ" ಎಂದಳು ಅತ್ತೆ.

"ನಿಮ್ಮನ್ನ ಮನೆಗೆ ಬಿಟ್ಟು, ನಾನು ಹಾಗೇ ತಗೊಂಡು ಹೋಗ್ತೀನಿ."

ಅತ್ತೆ ನಿಧಾನವಾಗಿ ಇಳಿದು, ಕುಂಟುತ್ತಾ ಸುತ್ತಿ ಬಂದು, ಪಕ್ಕದ ಸೀಟಿನಲ್ಲಿ ಕೂತಳು. ಸೊಟ್ಟಿಯನ್ನು ಕೊಂಡ ದಿನ ಬಿಟ್ಟರೆ ಅವಳು ಅಲ್ಲಿ ಕೂತದ್ದನ್ನು ಯಾರೂ ಕಂಡಿರಲಿಲ್ಲ. ಆ ಹೆಂಗಸು ಛತ್ರಿಯ ಹಿಡಿಯನ್ನು ಎಳೆದಳು, ತಿರುಗಿಸಿದಳು, ಎರಡನೇ ಸಲಕ್ಕೆ ಗೇರು ಬಿತ್ತು. ಅತ್ತೆಯ ಕಣ್ಣು ಅಭ್ಯಾಸದಂತೆ ಅವಳ ಹೆಗಲಿನ ಮೇಲೇ ಇತ್ತು. ಎರಡು ಬೀದಿ ದಾಟುವಷ್ಟರಲ್ಲಿ ಅದು ಸಡಿಲವಾಯಿತು. ಆಮೇಲೆ ಅತ್ತೆ ಮುಂದೆ ನೋಡಿದಳು, ಕತ್ತು ಚಾಚಿದಳು, ಮತ್ತೆ ಒರಗಿದಳು.

"ಈ ಸೀಟು ಇಷ್ಟು ತಗ್ಗು ಅನ್ನೋದೇ ನಂಗೆ ಮರೆತುಹೋಗಿತ್ತು" ಎಂದು ಹಿಂದಕ್ಕೆ ತಿರುಗಿದಳು. "ಚಿಕ್ಕವಳಿದ್ದಾಗ ನಿಂಗೆ ರಸ್ತೆ ಕಾಣ್ತಿತ್ತೇನೇ?"

ಇಲ್ಲ ಎಂದೆ. ಕಾಣುತ್ತಿದ್ದದ್ದು ತಂತಿಗಳು, ಮಹಡಿಗಳ ತುದಿ, ಆಕಾಶ. ಆಗೊಮ್ಮೆ ಈಗೊಮ್ಮೆ ಅವಳ ಕೈ.